ಮೊದಲ ತೊಟ್ಟಿಯ ಜಿಡ್ಡು

ನಾಲ್ಕು ಇರುವೆ ಸತ್ತವೆಂದು ನನ್ನ ತಂಗಿಯ ಎದೆಹಾಲು ನಂಜು ಎಂದು ತೀರ್ಪಾಯಿತು. ನಗಬೇಡಿ. ನನಗೂ ಆ ಗಳಿಗೆಯಲ್ಲಿ ನಗುವೇ ಬಂದಿತ್ತು, ಸಿಟ್ಟು ಬಂದದ್ದು ಆಮೇಲೆ. ನನ್ನ ಸಿಟ್ಟು ನಂದಿದುರ್ಗದ ಲೈನು ಮನೆಗಳಿಗೆಲ್ಲ, ಚಿನ್ನದ ಗಣಿಯ ಕೂಲಿಗಳಿಗೆಂದು ಕಟ್ಟಿದ ಈ ಸಾಲುಮನೆಗಳಿಗೆಲ್ಲ, ಗೊತ್ತು. ನಲ್ಲಿಯ ಹತ್ತಿರ ನಾನು ಬಂದರೆ ಹೆಂಗಸರು ಕೊಡ ಸರಿಸಿ ಜಾಗ ಬಿಡುತ್ತಾರೆ, ಈ ಜ್ಯೋತಿಲಕ್ಷ್ಮಿಗೆ ಬಾಯಿ ಕೊಟ್ಟು ಯಾಕೆ ಕೆಡಬೇಕು ಅಂತ. ಬಡವನ ಸಿಟ್ಟು ದವಡೆಗೆ ಮೂಲ ಎಂದು ಅಮ್ಮ ಎಷ್ಟೋ ಸಲ ಹೇಳಿದ್ದಾಳೆ. ನನ್ನ ದವಡೆ ಗಟ್ಟಿಯಿದೆ ಎಂದು ನಾನೂ ಅಷ್ಟೇ ಸಲ ಹೇಳಿದ್ದೇನೆ.

ತಂಗಿಯ ಹೆಸರು ಅಂಬಿಕ. ಬಂಗಾರಪೇಟೆ ದಾಟಿ ಒಂದು ಹಳ್ಳಿಗೆ, ಕುರಿ ಸಾಕಿ ಉಣ್ಣೆ ತೊಳೆದು ಮಾರುವ ಮನೆಗೆ ಕೊಟ್ಟಿದ್ದೆವು. ನಾವೂ ಅದೇ ಕಸುಬಿನವರೇ. ಅಪ್ಪ ಹೋದಮೇಲೆ ಅಮ್ಮ ಕುರಿಗಳನ್ನು ಮಾರಿ, ನಮ್ಮಿಬ್ಬರನ್ನೂ ಕಟ್ಟಿಕೊಂಡು ಈ ಲೈನಿಗೆ ಬಂದಳು. ಅಂಬಿಕಳ ಗಂಡ ಮುನೀಂದ್ರ ಒಳ್ಳೆಯವನು. ಗಂಡಸರ ವಿಷಯದಲ್ಲಿ ಈ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುವುದಲ್ಲ. ಅತ್ತೆ ಸರಸ್ವತಮ್ಮನೂ ಕೆಟ್ಟವಳಲ್ಲ. ಸೊಸೆ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಾಗ ಕೊಬ್ಬರಿ, ಬೆಲ್ಲ, ಒಣಶುಂಠಿ, ಒಂದು ಹಳೆಯ ಮೆತ್ತನೆಯ ಕಂಬಳಿ, ಜೊತೆಗೆ ಒಂದು ಸ್ಟೀಲ್ ಡಬ್ಬಿ ತುಂಬ ಉಣ್ಣೆ ಜಿಡ್ಡು ಕಳಿಸಿದ್ದಳು.

ಉಣ್ಣೆ ಜಿಡ್ಡು ಅಂದರೆ ಎಲ್ಲರಿಗೂ ತಿಳಿಯುವುದಿಲ್ಲ, ಹೇಳುತ್ತೇನೆ. ಕುರಿಯ ಚರ್ಮದಿಂದ ಮೇಣದಂಥ ಕೊಬ್ಬು ಒಸರಿ ಉಣ್ಣೆಗೆ ಅಂಟಿಕೊಂಡಿರುತ್ತದೆ. ಕತ್ತರಿಸಿದ ಉಣ್ಣೆಯನ್ನು ಮೊದಲ ತೊಟ್ಟಿಯ ಬಿಸಿನೀರಿಗೆ ಹಾಕಿದಾಗ ಅದು ಹಳದಿ ಕೆನೆಯಾಗಿ ಮೇಲಕ್ಕೆ ಬರುತ್ತದೆ. ನಮ್ಮ ಹೆಂಗಸರು ಅದನ್ನು ತೆಗೆದು, ಕಾಯಿಸಿ, ಬಟ್ಟೆಯಲ್ಲಿ ಸೋಸಿ ಇಟ್ಟುಕೊಳ್ಳುತ್ತಾರೆ. ಹಿಮ್ಮಡಿ ಒಡೆದರೆ ಅದೇ, ಹಸುವಿನ ಕೆಚ್ಚಲು ಬಿರಿದರೆ ಅದೇ, ಬಾಣಂತಿಯ ಎದೆತೊಟ್ಟು ಬಿರಿದರೂ ಅದೇ. ಅಜ್ಜಿ ಹಚ್ಚಿಕೊಂಡಿದ್ದಳು, ಅಮ್ಮ ಹಚ್ಚಿಕೊಂಡಿದ್ದಳು, ಆ ಎದೆಯ ಹಾಲು ಕುಡಿದೇ ನಾವಿಬ್ಬರೂ ಬೆಳೆದದ್ದು.

ಹೆಣ್ಣು ಮಗು ಹುಟ್ಟಿತು. ಮೊದಮೊದಲು ಚೆನ್ನಾಗಿಯೇ ಹಾಲು ಕುಡಿಯುತ್ತಿತ್ತು. ಹೆಸರಿಡಲು ಇನ್ನೂ ದಿನ ನೋಡುತ್ತಿದ್ದೆವು, ಅಷ್ಟರಲ್ಲಿ ಜೊಲ್ಲು ಹೆಚ್ಚಾಯಿತು. ಹಲ್ಲು ಬರುವ ಮಗುವಿನ ಹಾಗೆ ಜೊಲ್ಲು, ತಲೆಯೆಲ್ಲ ಬೆವರು, ಕೈಕಾಲು ಅದುರುವುದು. ಚೀಪಲು ಶಕ್ತಿಯಿಲ್ಲದೆ ಬಾಯಿ ಬಿಟ್ಟುಬಿಡುತ್ತಿತ್ತು. ಆಸ್ಪತ್ರೆಗೆ ಹೊತ್ತುಕೊಂಡು ಓಡಿದೆವು. ರಕ್ತಕ್ಕೆ ಸೋಂಕು ಹತ್ತಿರಬಹುದೆಂದು ಅವರು ಕೈಲಾದದ್ದೆಲ್ಲ ಮಾಡಿದರು. ಮಗು ಉಳಿಯಲಿಲ್ಲ.

ಮಣ್ಣು ಮಾಡಿ ಬಂದಮೇಲೆ ಸರಸ್ವತಮ್ಮ ತನ್ನ ಊರಿನ ಹಿರಿಯಳು ಕದಿರಮ್ಮನನ್ನು ಕರೆದುಕೊಂಡು ಬಂದಳು. ಕದಿರಮ್ಮ ಹೆರಿಗೆ ಮಾಡಿಸಿ ಮಾಡಿಸಿ ತಲೆ ನರೆತವಳು. ಅಂಬಿಕಳ ಎದೆ ಹಿಂಡಿ, ಮಗುವಿಗೆ ಕುಡಿಸಲು ಇಟ್ಟಿದ್ದ ಒಳಲೆಯಲ್ಲೇ ಹಾಲು ಹಿಡಿದಳು, ಗೋಡೆಯ ಮೇಲೆ ಹೋಗುತ್ತಿದ್ದ ಕಪ್ಪು ಇರುವೆಗಳನ್ನು ಬೆರಳ ತುದಿಯಲ್ಲಿ ಹಿಡಿದು ತಂದು ಅದರೊಳಗೆ ಬಿಟ್ಟಳು. ಇರುವೆ ಈಜಿ ದಡ ಸೇರಿದರೆ ಹಾಲು ಒಳ್ಳೆಯದು, ಸತ್ತರೆ ನಂಜು. ಎಲ್ಲರೂ ಒಳಲೆಯನ್ನೇ ನೋಡುತ್ತ ಕುಳಿತರು. ಇರುವೆಗಳು ಸ್ವಲ್ಪ ಹೊತ್ತು ಕಾಲಾಡಿಸಿ ಸುಮ್ಮನಾದವು. "ವಿಷಮೇ" ಎಂದಳು ಕದಿರಮ್ಮ ತೆಲುಗಿನಲ್ಲಿ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹಾಲಿನಲ್ಲಿ ಮುಳುಗಿದ ಇರುವೆ ಸಾಯದೆ ಸಂಸಾರ ಹೂಡುತ್ತದೆಯೇ ಎಂದು ನಾನು ಕೂಗಾಡಿದೆ. ಯಾರು ಕೇಳುತ್ತಾರೆ? ಈ ಹಾಲು ಕುಡಿದ ಯಾವ ಕೂಸೂ ಬದುಕುವುದಿಲ್ಲ, ಇವಳಿಗೆ ಇನ್ನೊಂದು ಮಗು ಆಗುವುದೂ ಬೇಡ ಎಂದು ಕದಿರಮ್ಮ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ಮುನೀಂದ್ರ ತಲೆಯೆತ್ತಲಿಲ್ಲ. ಅಂಬಿಕಳನ್ನು ನಮ್ಮಲ್ಲೇ ಬಿಟ್ಟು ಹೊರಟರು. ಆಮೇಲೆ ಅವನು ಫೋನು ಮಾಡುತ್ತಿದ್ದ, ಇವಳು ಎತ್ತುತ್ತಿರಲಿಲ್ಲ. ಅಲ್ಲಿ ಅವನಿಗೆ ಬೇರೆ ಹೆಣ್ಣು ನೋಡುವ ಮಾತು ನಡೆದಿದೆ ಎಂಬ ಸುದ್ದಿ ರೈಲಿನಲ್ಲಿ ಯಾರೋ ನನಗೆ ಹೇಳಿದರು.

ಅಮ್ಮ ಅವಳ ಎದೆಗೆ ಮಲ್ಲಿಗೆ ಹೂ ಕಟ್ಟಿ ಹಾಲು ಬತ್ತಿಸಿದಳು. ಹಾಲಿನ ಜೊತೆ ಅಂಬಿಕಳೂ ಬತ್ತಿದಳು. ತಾನು ಕುಡಿದ ಲೋಟವನ್ನು ತಾನೇ ತೊಳೆದು ಬೇರೆ ಇಡುತ್ತಿದ್ದಳು. ಪಕ್ಕದ ಮನೆಯ ಮೀನಾ ತನ್ನ ಕೂಸನ್ನು ಒಂದು ಗಳಿಗೆ ಹಿಡಿದುಕೋ ಎಂದು ಕೊಡಲು ಬಂದರೆ ಗೋಡೆಗೆ ಒತ್ತಿಕೊಂಡು, "ಬೇಡ ಮೀನಕ್ಕ, ನನ್ನ ಮೈ ಸರಿಯಿಲ್ಲ" ಎಂದಳು. ಇಪ್ಪತ್ಮೂರರ ಹುಡುಗಿ. ಹೇಗಾದರೂ ಮಾಡಿ ಆ ಹಾಲಿನಲ್ಲಿ ಏನೂ ಇರಲಿಲ್ಲವೆಂದು ತೋರಿಸಬೇಕು, ಇವಳನ್ನು ಗಂಡನ ಮನೆಗೆ ತಲೆಯೆತ್ತಿಕೊಂಡು ಹೋಗುವಂತೆ ಮಾಡಬೇಕು ಎಂದು ಹಟ ಹಿಡಿದೆ. ಆದರೆ ಪರೀಕ್ಷೆ ಮಾಡೋಣವೆಂದರೆ ತೊಟ್ಟು ಹಾಲೂ ಉಳಿದಿರಲಿಲ್ಲ.

ಪರೀಕ್ಷೆ ಮಾಡುವುದೇ ನನ್ನ ಕೆಲಸ. ಮಾರಿಕುಪ್ಪಂನಿಂದ ಬರುವ ರೈಲು ಹಿಡಿದು ದಿನಾ ಬಂಗಾರಪೇಟೆಗೆ ಹೋಗುತ್ತೇನೆ. ಅಲ್ಲಿ ಉಣ್ಣೆ ತೊಳೆದು ರತ್ನಗಂಬಳಿಯವರಿಗೆ ಕಳಿಸುವ ಒಂದು ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ. ತೊಳೆದ ಉಣ್ಣೆಯಲ್ಲಿ ಇನ್ನೂ ಎಷ್ಟು ಜಿಡ್ಡು ಉಳಿದಿದೆ ಎಂದು ಕಂಡುಹಿಡಿಯಬೇಕು. ಉಣ್ಣೆಯನ್ನು ತೂಗಿ ಕಾಗದದ ಕೊಳವೆಗೆ ತುಂಬಿ, ಕೆಳಗಿನ ಗಾಜಿನ ಬುರುಡೆಯಲ್ಲಿ ಈಥರ್ ಕಾಯಿಸಿದರೆ, ಅದು ಆವಿಯಾಗಿ ಮೇಲೆ ಹೋಗಿ, ತಣಿದು, ಉಣ್ಣೆಯ ಮೂಲಕ ಮತ್ತೆ ಕೆಳಗೆ ಇಳಿಯುತ್ತದೆ. ಇಳಿಯುವಾಗ ಜಿಡ್ಡನ್ನೂ ಕರಗಿಸಿಕೊಂಡು ಬರುತ್ತದೆ. ಹೀಗೇ ಎಷ್ಟೋ ಸುತ್ತು. ಕೊನೆಗೆ ಈಥರ್ ಹಾರಿಸಿದರೆ ಬುರುಡೆಯ ತಳದಲ್ಲಿ ಹಳದಿ ಜಿಡ್ಡು ಕೂತಿರುತ್ತದೆ. ಹೊರದೇಶದ ಗಿರಾಕಿಗಳಿಗೆ ಅಷ್ಟು ಸಾಲದು, ಆ ಜಿಡ್ಡಿನಲ್ಲಿ ಕುರಿಗೆ ಹಾಕಿದ ಔಷಧಿ ಏನಾದರೂ ಇದೆಯೇ ಎಂದೂ ಬೇಕು. ಅದಕ್ಕೊಂದು ಯಂತ್ರವಿದೆ. ಸೂಜಿಯಲ್ಲಿ ಒಂದು ಹನಿ ಬಿಟ್ಟರೆ ಅದರೊಳಗೆ ಏನೇನಿದೆ ಎಂದು ಪರದೆಯ ಮೇಲೆ ಗೆರೆ ಏರಿಸಿ ತೋರಿಸುತ್ತದೆ.

ಒಂದು ದಿನ ಮುನೀಂದ್ರನ ಮನೆಯಿಂದ ಬಂದ ಉಣ್ಣೆ ನನ್ನ ಕೈಗೇ ಬಂತು. ಜಿಡ್ಡು ತೆಗೆದು ಯಂತ್ರಕ್ಕೆ ಬಿಟ್ಟಾಗ ಗೆರೆ ಸರ್ರನೆ ಏರಿತು. ಉಣುಗಿನ ಔಷಧಿ, ಕುರಿಯ ರಕ್ತ ಹೀರುವ ಹುಳು ಸಾಯಲೆಂದು ಹಾಕುವುದು. ಲ್ಯಾಬಿನ ಮೇಲಧಿಕಾರಿ ರವಿಶಂಕರ್ ಸಾರ್ ಬಂದು ನೋಡಿ ತಲೆ ಕೊಡವಿದರು. ಔಷಧಿ ಹಾಕಿದ ಮೇಲೆ ಎರಡು ಮೂರು ತಿಂಗಳು ಬಿಟ್ಟು ಉಣ್ಣೆ ಕತ್ತರಿಸಬೇಕು, ಇವರು ಹಾಕಿದ ವಾರಕ್ಕೇ ಕತ್ತರಿಸಿದ ಹಾಗಿದೆ, ಅಳತೆಯನ್ನೂ ಮೀರಿದ್ದಾರೆ ಎಂದರು. ತೊಳೆದಮೇಲೂ ಇಷ್ಟೊಂದು ಉಳಿದಿದೆಯಲ್ಲ ಎಂದು ಕೇಳಿದೆ. ಈ ಔಷಧಿ ನೀರಿಗೆ ಸೇರುವುದಿಲ್ಲ, ಜಿಡ್ಡಿಗೆ ಸೇರುತ್ತದೆ, ಜಿಡ್ಡು ಎಲ್ಲಿ ಹೋದರೆ ಅಲ್ಲಿಗೆ ಹೋಗುತ್ತದೆ ಎಂದು ಹೇಳಿ ಅವರು ತಮ್ಮ ಮೇಜಿಗೆ ಹೋದರು.

ಈ ಸಲ ಕುರಿಗಳ ಮೈಮೇಲೆ ಒಂದು ಉಣುಗೂ ಇಲ್ಲ ಅತ್ತಿಗೆ, ಔಷಧಿ ಒಂದಕ್ಕೆರಡು ಹಾಕಿದೆ ಎಂದು ಅಂಬಿಕಳನ್ನು ಹೆರಿಗೆಗೆ ಬಿಡಲು ಬಂದಾಗ ಮುನೀಂದ್ರ ಹೆಮ್ಮೆಯಿಂದ ಹೇಳಿದ್ದು ನೆನಪಾಯಿತು. ಆ ಉಣ್ಣೆಯ ಮೊದಲ ತೊಟ್ಟಿಯ ಜಿಡ್ಡೇ ನಮ್ಮ ಬಚ್ಚಲ ಗೂಡಿನಲ್ಲಿ, ಅಂಬಿಕ ಬಿರಿದ ಎದೆತೊಟ್ಟಿಗೆ ಹಚ್ಚಿಕೊಳ್ಳುತ್ತಿದ್ದ ಆ ಡಬ್ಬಿಯಲ್ಲಿತ್ತು.

ಮಾರನೆಯ ದಿನ ಅದರಿಂದ ಒಂದು ಚಮಚೆ ತೆಗೆದುಕೊಂಡು ಹೋಗಿ ಯಂತ್ರಕ್ಕೆ ಬಿಟ್ಟೆ. ಗೆರೆ ಪರದೆಯ ನೆತ್ತಿ ಮುಟ್ಟಿ ಅಲ್ಲೇ ಚಪ್ಪಟೆಯಾಯಿತು, ಮುಂದಕ್ಕೆ ಅಳೆಯಲು ಅದರ ಕೈಲಾಗಲಿಲ್ಲ. ಯಾರ ಮಾಲು ಇದು ಎಂದು ರವಿಶಂಕರ್ ಸಾರ್ ಕೇಳಿದರು. ಹೇಳಿದೆ. ಮಗುವಿಗೆ ಜೊಲ್ಲು ಬರುತ್ತಿತ್ತೇ, ಬೆವರುತ್ತಿತ್ತೇ, ಮೈ ಅದುರುತ್ತಿತ್ತೇ ಎಂದು ಒಂದೊಂದಾಗಿ ಕೇಳಿದರು. ಹೌದು ಹೌದು ಎಂದೆ. ಈ ಔಷಧಿ ಮೈಗೆ ಸೇರಿದರೆ ಹಾಗೇ ಆಗುವುದಂತೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮನೆಯಲ್ಲಿ ಯಾರಿಗೆ ಹೇಗೆ ಹೇಳಬೇಕೆಂದು ಯೋಚನೆ ಮಾಡಿ ಹೇಳಮ್ಮ ಎಂದರು.

ಯೋಚನೆ ಮಾಡುವ ಜನ್ಮವೇ ಇದು? ಹಿಂದಿರುಗುವ ರೈಲಿನಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದೇವರಾಣೆಗೂ ಹೇಳುತ್ತೇನೆ, ನಾನು ಖುಷಿಯಲ್ಲಿದ್ದೆ. ಇರುವೆ ಸತ್ತದ್ದು ಹಾಲಿನಿಂದಲ್ಲ, ಹಾಲು ಹಿಂಡುವಾಗ ಎದೆಗೆ ಮೆತ್ತಿದ್ದ ಜಿಡ್ಡಿನಿಂದ. ಅಂಬಿಕ ನಂಜಿನವಳಲ್ಲ. ಕದಿರಮ್ಮನ ಮುಖದ ಮುಂದೆ ಯಂತ್ರದ ಗೆರೆ ಅಚ್ಚಾದ ಕಾಗದ ಹಿಡಿದು ಏನೇನು ಹೇಳಬೇಕೆಂದು ನಾನು ಇಳಿಯುವ ಊರುಗಾಂ ಸ್ಟೇಷನ್ ಬರುವ ತನಕ ಜೋಡಿಸಿಕೊಳ್ಳುತ್ತಲೇ ಇದ್ದೆ.

ಅಮ್ಮ ರೇಷನ್ನಿಗೆ ಹೋಗಿದ್ದಳು. ಅಂಬಿಕ ಹಿತ್ತಲ ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಚೀಲವನ್ನೂ ಇಳಿಸದೆ ಅವಳ ಮುಂದೆ ಕುಕ್ಕರಿಸಿದೆ.

"ಅಂಬೀ, ನಿನ್ನ ಹಾಲಲ್ಲಿ ಏನೂ ಇರ್ಲಿಲ್ಲ ಕಣೆ."

ಎಲ್ಲ ಹೇಳಿದೆ. ಕುರಿ, ಔಷಧಿ, ತೊಟ್ಟಿ, ಜಿಡ್ಡು, ಯಂತ್ರ, ಗೆರೆ. ಅವಳ ಕೈ ನಿಂತಿತು. ಆ ಕೈ ಮೆಲ್ಲಗೆ ಎದೆಯ ಮೇಲೆ ಹೋಯಿತು. ಹಾಲು ಚೆನ್ನಾಗಿತ್ತಾ ಅಕ್ಕ ಎಂದು ಕೇಳಿದಳು. ಬಂಗಾರದಂಥ ಹಾಲು ಎಂದೆ. ಮಗು ಹೋದಮೇಲೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ, ಆಗ ಅತ್ತಳು. ಅಳಲಿ, ಇನ್ನು ಸರಿಹೋಗುತ್ತಾಳೆ ಎಂದುಕೊಂಡು ನಾನು ಕದಿರಮ್ಮನನ್ನು ಬಾಯಿ ತುಂಬ ಬಯ್ಯುತ್ತ ಕುಳಿತೆ.

ಅಳು ನಿಂತಿತು. ಮಗುವಿನ ಬಾಯಿಗೆ ಜಿಡ್ಡು ಎಷ್ಟು ಹೋದರೆ ಹಾಗಾಗುತ್ತದೆ ಎಂದು ಕೇಳಿದಳು. ನಾನು ಪೆದ್ದಿಯ ಹಾಗೆ, ಎಳೆ ಕೂಸಿಗೆ ಎಷ್ಟು ಬೇಕು ಮಹಾ, ದಿನಾ ಸ್ವಲ್ಪ ಸ್ವಲ್ಪ ಹೋದರೂ ಸಾಕು ಎಂದುಬಿಟ್ಟೆ.

"ಅತ್ತೆ ಫೋನಲ್ಲಿ ಹೇಳಿದ್ರು, ಜಿಡ್ಡು ಒರೆಸ್ಕೊಂಡು ಹಾಲು ಕುಡ್ಸು ಅಂತ" ಎಂದಳು. "ಒರೆಸಿದ್ರೆ ಉರೀತಿತ್ತು ಅಕ್ಕ. ಮಗೂಗೂ ಒಳ್ಳೇದೇ ಅಲ್ವಾ ಅಂತ ಹಂಗೇ ಕುಡಿಸ್ದೆ. ಅದರ ತುಟಿ ಒಣಗಿತ್ತು, ತುಟಿಗೂ ಹಚ್ದೆ. ನನ್ನ ಬೆರಳು ಬಿಡ್ತಾನೇ ಇರ್ಲಿಲ್ಲ, ಚೀಪ್ತಿತ್ತು. ಹುಷಾರು ತಪ್ಪಿದ ಮೇಲೆ ಇನ್ನೂ ಜಾಸ್ತಿ ಹಚ್ದೆ."

ಗೊತ್ತಿಲ್ಲದೆ ಮಾಡಿದ್ದು, ತಪ್ಪು ಔಷಧಿಯದು, ನಿನ್ನದಲ್ಲ ಎಂದು ಏನೇನೋ ಹೇಳಿದೆ. ಅವಳು ಕೇಳಿಸಿಕೊಂಡಳು. ಅವರೆಕಾಯಿಯನ್ನು ಮೊರದಲ್ಲಿ ಹಾಗೇ ಬಿಟ್ಟು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಗಾಯದ ಮೇಲೆ ಬರೆ ಎಳೆದವಳು ನಾನೇ. ಹಾಲು ನಂಜೆಂದು ನಂಬಿದ್ದಾಗ ಅವಳು ಅದನ್ನು ಹಣೆಬರಹವೆಂದು ಹೊತ್ತುಕೊಂಡಿದ್ದಳು.

ಬೆಳಿಗ್ಗೆ, ನಿನ್ನ ಗಂಡನ ಮನೆಗೆ ಹೋಗಿ ಎಲ್ಲ ಹೇಳಿ ಬರುತ್ತೇನೆ, ಮುನೀಂದ್ರ ನಿನ್ನನ್ನು ಕರೆದುಕೊಂಡು ಹೋಗಲು ಓಡಿ ಬರುತ್ತಾನೆ ಎಂದೆ. ಅಂಬಿಕ ಎದ್ದು ಬಂದು ನನ್ನ ಮುಂಗೈ ಹಿಡಿದುಕೊಂಡಳು. ಬೆರಳು ತಣ್ಣಗಿದ್ದವು.

"ಅವರಿಗೆ ಹೇಳ್ಬೇಡ. ಹಾಲೇ ಕೆಟ್ಟಿತ್ತು ಅಂತಿರ್ಲಿ."

ನಿನಗೇನು ಹುಚ್ಚೇ ಎಂದೆ. ಸುಮ್ಮನಿದ್ದರೆ ಅವನಿಗೆ ಬೇರೆ ಮದುವೆ ಮಾಡುತ್ತಾರೆ, ನೀನು ಸಾಯುವ ತನಕ ನಂಜಿನವಳಾಗಿ ಈ ಮೂಲೆಯಲ್ಲಿ ಇರುತ್ತೀಯೇ ಎಂದು ಗದರಿದೆ. ಅವಳು ಅಲ್ಲಾಡಲಿಲ್ಲ.

"ನಂಜಿನ ಹಾಲಿನೋಳು ಅಂತ ಬಿಟ್ರೆ ಬಿಡ್ಲಿ. ಮಗೂನ ಕೈಯಾರೆ ಸಾಯಿಸಿದೋಳು ಅಂತ ಅವನು ನನ್ನ ನೋಡೋದು ಬೇಡ. ಔಷಧಿ ಹಾಕಿದ್ದು ಅವನು ಅಕ್ಕ. ಗೊತ್ತಾದ್ರೆ ಅವನೂ ಬದುಕಲ್ಲ. ಜಿಡ್ಡು ಯಾರೂ ಮುಟ್ಬೇಡಿ ಅಂತ ಹೇಳಿ ಬಾ. ನಮ್ಮ ಮಗೂ ಮಾತು ಎತ್ಬೇಡ."

ನನ್ನ ಕೈಯನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಕೈ ಎಳೆದುಕೊಳ್ಳಲು ನೋಡಿದೆ, ಬಿಡಲಿಲ್ಲ. ಅಷ್ಟು ಬಲ ಎಲ್ಲಿತ್ತೋ ಆ ಮೈಯಲ್ಲಿ. ಆಣೆ ಅಂದೆ.

ಮುಂದಿನ ಭಾನುವಾರ ಆ ಊರಿಗೆ ಹೋದೆ. ಮುನೀಂದ್ರ ಕುರಿ ಹೊಡೆದುಕೊಂಡು ಹೋಗಿದ್ದ. ಸರಸ್ವತಮ್ಮ ಅಂಗಳದಲ್ಲಿ ಉಣ್ಣೆ ಬಿಡಿಸುತ್ತ ಕೂತಿದ್ದಳು. ನನ್ನನ್ನು ನೋಡಿ ಜಗಳಕ್ಕೆ ಬಂದೆನೆಂದು ಹೆದರಿ ಸೆರಗು ಹೊದ್ದುಕೊಂಡಳು. ನಾನು ಕುಳಿತು, ಲ್ಯಾಬಿನಲ್ಲಿ ಹೀಗೆ ಕಂಡುಬಂದಿದೆ, ಉಣುಗಿನ ಔಷಧಿ ಜಿಡ್ಡಿನಲ್ಲೇ ನಿಲ್ಲುತ್ತದೆ, ಇನ್ನುಮೇಲೆ ಯಾರೂ ಅದನ್ನು ಮೈಗೆ ಮುಟ್ಟಿಸಬಾರದು, ಊರಿನಲ್ಲೆಲ್ಲ ಹೇಳಿ ಅತ್ತೆ ಎಂದೆ. ವಾದ ಮಾಡುತ್ತಾಳೆಂದು ಎಣಿಸಿದ್ದೆ. ಅವಳು ಎದ್ದು ಒಳಗೆ ಹೋಗಿ ಜಿಡ್ಡಿನ ಗಡಿಗೆ ತಂದಳು. ಬೇಲಿಯ ಹತ್ತಿರ ಇಬ್ಬರೂ ಗುಂಡಿ ತೋಡಿದೆವು. ಗಡಿಗೆಯನ್ನೇ ಇಟ್ಟು ಮಣ್ಣು ಎಳೆದೆವು.

ಕೈಯಲ್ಲಿದ್ದ ಗುದ್ದಲಿಯನ್ನು ಅವಳು ಕೆಳಗಿಡಲಿಲ್ಲ. ಮಣ್ಣನ್ನೇ ನೋಡುತ್ತ ನಿಂತಳು.

"ಅಂಬಿಕಂಗೂ ನಾನು ಇದ್ನೇ ಅಲ್ವಾ ಕಳ್ಸಿದ್ದು" ಎಂದಳು. "ಜ್ಯೋತಿ, ನಿಜ ಏಳಮ್ಮ. ಕೂಸು ಓಗಿದ್ದು ಇದ್ರಿಂದಾನಾ? ಇದ್ರಿಂದಾನೇ ಆದ್ರೆ ಏಳ್ಬುಡು. ಈಗ್ಲೇ ನಿನ್ ಜತೇಲಿ ಬತ್ತೀನಿ. ಅವ್ಳ ಕಾಲು ಇಡ್ಕೊಂಡಾದ್ರೂ ಮನೇಗೆ ಕರ್ಕೊಂಡ್ ಬತ್ತೀನಿ."

ಹೌದು ಎಂಬ ಮಾತು ನಾಲಗೆಯ ತುದಿಯಲ್ಲಿತ್ತು. ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು, ಸಂಜೆಯ ರೈಲಿಗೆ ಅವಳು ನಮ್ಮ ಮನೆಯಲ್ಲಿರುತ್ತಿದ್ದಳು. ಆದರೆ ಅಂಬಿಕಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದೆ. ಅವಳಿಗೆ ಉಳಿದಿರುವುದು ಅದೊಂದೇ ಕೋರಿಕೆ. ಸರಸ್ವತಮ್ಮನ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ.

"ಇಲ್ಲ ಅತ್ತೆ. ಅವಳ ಹಾಲೇ ಕೆಟ್ಟಿತ್ತು."

ಸರಸ್ವತಮ್ಮ ಗುದ್ದಲಿ ಬಿಟ್ಟು ಅಲ್ಲೇ ಕುಸಿದು ಕುಳಿತಳು. ಸದ್ಯ, ಮನೆದೇವರು ನಮ್ಮಪ್ಪ ಕದಿರಿ ನರಸಿಂಹ ಕಾಪಾಡಿದ ಎಂದು ಎರಡೂ ಕೈ ಮುಗಿದು ಅತ್ತಳು. ಎಷ್ಟೋ ದಿನದ ಭಾರ ಇಳಿದ ಅಳು ಅದು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಒಳಗೆ ಹೋಗಿ ನನಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ನಾನು ಕುಡಿಯುವಾಗ ಮೆಲ್ಲಗೆ ವಿಷಯ ಎತ್ತಿದಳು. ಮುನೀಂದ್ರನಿಗೆ ಒಂದು ಹೆಣ್ಣು ನೋಡಿದ್ದಾರಂತೆ. ಅವನು ಒಪ್ಪುತ್ತಿಲ್ಲವಂತೆ, ಅಂಬಿಕಳ ಹಾಲಿನಲ್ಲಿ ಏನೂ ಇರಲಿಲ್ಲ, ಅವಳೇ ಬರುತ್ತಾಳೆ ಎಂದು ಹಟ ಹಿಡಿದಿದ್ದಾನಂತೆ.

"ಆಲು ಕೆಟ್ಟಿತ್ತಂತ ನೀನೇ ಏಳ್ದೆ ಅಂತ ಅವ್ನಿಗೆ ಏಳ್ಲಾ ಜ್ಯೋತಿ? ನಮ್ ಮಾತು ಕೇಳಲ್ಲ ಅವ್ನು. ನೀನು ಓದಿರೋಳು, ಅವ್ಳ ಒಡಹುಟ್ಟಿದೋಳು. ನೀನು ಏಳಿದ್ರೆ ನಂಬ್ತಾನೆ."

ಲೋಟ ಕೆಳಗಿಟ್ಟೆ.

"ಹೇಳಿ ಅತ್ತೆ" ಎಂದೆ.